ಗಾಲಿಯ ಮೇಲಿನ ಕಿರುಮನೆ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಕ್ಷೇತ್ರ. ಪ್ರತಿ ವರ್ಷ ಫೆಬ್ರವರಿಯಲ್ಲಿ ಅಲ್ಲಿ ನಡೆಯುವ ಜಯಂತಿಗೆ ನೆರೆಯ ರಾಜ್ಯಗಳಿಂದಲೂ ಯಾತ್ರಿಕರು ಬರುತ್ತಾರೆ. ಇವರ ಪೂರ್ವಿಕರು ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶವನ್ನೆಲ್ಲ ಸಂಚರಿಸುತ್ತಿದ್ದವರು. ಈಗ ಊರಿನ ಹೆಸರಾಗಿ ನಿಂತಿರುವ 'ತಾಂಡಾ' ಎಂಬ ಮಾತಿಗೆ ಮೊದಲು ಚಲಿಸುವ ಬಿಡಾರವೆಂದೇ ಅರ್ಥವಿತ್ತು. ಮನೆಯನ್ನು ಜೊತೆಯಲ್ಲಿಯೇ ಒಯ್ಯಬೇಕೆಂಬ ಬಯಕೆ ಈ ನೆಲಕ್ಕೆ ಹೊಸದಲ್ಲವೆಂದು ವಾಚಕರಿಗೆ ಇದರಿಂದ ತಿಳಿದೀತು.

ಆ ಬಯಕೆಯ ಇಂದಿನ ರೂಪವೇ ಕ್ಯಾಂಪರ್ ವ್ಯಾನ್. ಎಂದರೆ, ಮಲಗುವ, ಅಡುಗೆ ಮಾಡುವ ಅನುಕೂಲಗಳಿರುವ ಮೋಟಾರು ವಾಹನ. ನಮ್ಮ ಕಾಲೇಜಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಬಂದ ನಾಲ್ವರು ಅಧ್ಯಾಪಕರಿದ್ದೇವೆ. ನಾಲ್ವರಿಗೂ ಇದರ ಹುಚ್ಚು ಹಿಡಿದಿದೆ. ವಾಹನ ಚಿಕ್ಕದಿರಬೇಕು, ಹಳ್ಳಿಯ ಓಣಿಯಲ್ಲಿ ತಿರುಗಬೇಕು ಎಂಬಲ್ಲಿ ನಮಗೆ ಏಕಾಭಿಪ್ರಾಯ. ಅದರಾಚೆಗೆ ಹೊನ್ನಾಳಿಯವರಿಗೆ ಸ್ನಾನಕ್ಕಾಗುವಷ್ಟು ನೀರು ಬೇಕು. ಚನ್ನಗಿರಿಯವರಿಗೆ ಬೆಚ್ಚನೆಯ ಹಾಸಿಗೆ ಬೇಕು. ನ್ಯಾಮತಿಯವರಿಗೆ ಒಳಗೆ ನೆಟ್ಟಗೆ ನಿಲ್ಲುವಂತಿರಬೇಕು. ಜಗಳೂರಿನವರಿಗಾದರೋ ಹವಾನಿಯಂತ್ರಕವೇ ಬೇಕು. ಈ ಬೇಡಿಕೆಗಳಿಗೆ ಭೌತಶಾಸ್ತ್ರವು ಏನು ಬೆಲೆ ಕೇಳುತ್ತದೆಂಬುದನ್ನು ನೋಡೋಣ.

ಮೊದಲು ತೂಕ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ. ಎರಡು ದೊಡ್ಡ ಕ್ಯಾನ್ ನೀರೆಂದರೆ 40 ಕಿಲೋಗ್ರಾಂ. ಹದಿನೆಂಟು ಮಿಲಿಮೀಟರ್ ದಪ್ಪದ ಪ್ಲೈವುಡ್ ಚದರ ಮೀಟರಿಗೆ ಸುಮಾರು 12 ಕಿಲೋಗ್ರಾಂ ತೂಗುತ್ತದೆ. ಮಂಚಕ್ಕೂ ಕಪಾಟಿಗೂ ಆರು ಚದರ ಮೀಟರ್ ಹಿಡಿದರೆ 72 ಆಯಿತು. ಸೀಸ-ಆಮ್ಲದ ದೊಡ್ಡ ಬ್ಯಾಟರಿಗೆ 30, ಸಣ್ಣ ಶೀತಕ ಪೆಟ್ಟಿಗೆಗೆ 15, ಒಲೆ, ಪಾತ್ರೆ, ಹಾಸಿಗೆಗಳಿಗೆ 40, ಇಬ್ಬರು ಮನುಷ್ಯರಿಗೆ 130. ಒಟ್ಟು 327 ಕಿಲೋಗ್ರಾಂ. ಐದು ಜನರಿಗಾಗಿ ನಿರ್ಮಿಸಿದ ವ್ಯಾನಿನಲ್ಲಿ ಇಬ್ಬರೇ ಕುಳಿತು ಐವರ ಭಾರವನ್ನು ಹೇರಿದಂತಾಯಿತು. ಹನ್ನೆರಡು ಮಿಲಿಮೀಟರಿನ ಹಲಗೆ ಬಳಸಿದರೆ 24 ಕಿಲೋಗ್ರಾಂ ಉಳಿಯುತ್ತದೆ. ಆದರೆ ಆ ಉಳಿತಾಯವನ್ನು ಹೊನ್ನಾಳಿಯ ಮಿತ್ರರು ಕೂಡಲೇ ನೀರಿಗೆ ಕೇಳುತ್ತಾರೆ! ತುಂಗಭದ್ರೆ ಊರಮುಂದೆಯೇ ಹರಿಯುವವರಿಗೆ ಈ ಆಸೆ ಸಹಜವೇ. ಭಾರವೆಲ್ಲ ನೆಲಕ್ಕೆ ಸಮೀಪದಲ್ಲಿ, ಎರಡು ಅಚ್ಚುಗಳ ನಡುವೆ ಇರಬೇಕು. ಛಾವಣಿಯ ಮೇಲೆ ಹೇರಿದರೆ ಗುರುತ್ವ ಕೇಂದ್ರ ಮೇಲೇರಿ, ತಿರುವಿನಲ್ಲಿ ವಾಹನ ಹೆಚ್ಚು ವಾಲುತ್ತದೆ. ನ್ಯಾಮತಿಯವರ ಬೇಡಿಕೆಯನ್ನು ಇದೇ ಕಾರಣದಿಂದ ತಳ್ಳಿಹಾಕಿದೆವು. ಕುಳಿತು ಅಡುಗೆ ಮಾಡುವುದು ನಮ್ಮ ಹಿರಿಯರಿಗೆ ತಿಳಿಯದ ವಿದ್ಯೆಯೇನಲ್ಲ.

ಜೋಡಣೆಯ ವಿಷಯದಲ್ಲಿ ಜರ್ಮನಿಯ ಉದಾಹರಣೆಯೊಂದು ನಮಗೆ ಉಪಯೋಗಕ್ಕೆ ಬಂತು. 1951ರಲ್ಲಿ ವೆಸ್ಟ್‌ಫಾಲಿಯಾ ಸಂಸ್ಥೆಯು ಫೋಕ್ಸ್‌ವ್ಯಾಗನ್ ವ್ಯಾನಿಗೆ 'ಕ್ಯಾಂಪಿಂಗ್ ಬಾಕ್ಸ್' ಎಂಬ, ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯಬಹುದಾದ ಪೆಟ್ಟಿಗೆಯನ್ನು ತಯಾರಿಸಿತು. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು ವಾಹನದ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸಲು ಬಿಡದು. ಆದ್ದರಿಂದ ತೆಗೆದಿಡಬಹುದಾದ ಪೆಟ್ಟಿಗೆಯನ್ನೇ ನಾವೂ ಮಾಡಿಸಿದೆವು.

ಮೊದಲ ರಾತ್ರಿ ಕಳೆದದ್ದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಎಂದರೆ ಶಾಂತಿಸಾಗರದ, ಬಳಿಯಲ್ಲಿ. ಚಳಿಗಾಲ, ನಿರ್ಮಲವಾದ ಆಕಾಶ. ಚಳಿಗೆ ಅಂಜಿ ಇಬ್ಬರು ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದೆವು. ಬೆಳಗಿನ ಜಾವದಲ್ಲಿ ಮುಖದ ಮೇಲೆ ಹನಿ ಬಿದ್ದು ಎಚ್ಚರವಾಯಿತು. ಛಾವಣಿ ಸೋರುತ್ತಿದೆಯೆಂದು ಚನ್ನಗಿರಿಯ ಮಿತ್ರರು ವಾದಿಸಿದರು. ಮಳೆಯೇ ಇಲ್ಲದಿರುವಾಗ ಸೋರುವುದೆಲ್ಲಿಂದ? ಆ ನೀರು ನಮ್ಮದೇ ಉಸಿರು.

ಲೆಕ್ಕ ಸುಲಭವಾಗಿದೆ. ಮಲಗಿರುವ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೊರಬೀಳುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 17 ಗ್ರಾಂ ಆವಿ ಮಾತ್ರ ಇರಬಲ್ಲದು. ವ್ಯಾನಿನೊಳಗಿನ ನಾಲ್ಕು ಘನ ಮೀಟರ್ ಗಾಳಿಯ ಪಾತ್ರೆ ಮೊದಲೇ ಅರ್ಧಕ್ಕಿಂತ ಹೆಚ್ಚು ತುಂಬಿರುತ್ತದೆ. ಇಬ್ಬರ ಉಸಿರಿಗೆ ಅದು ತುಂಬಿ ತುಳುಕಲು ಅರ್ಧ ಗಂಟೆಯೂ ಬೇಡ. ಮೇಲಿನ ಉಕ್ಕಿನ ತಗಡಾದರೋ ತನ್ನ ಉಷ್ಣವನ್ನು ಆಕಾಶದ ಕಡೆಗೆ ವಿಕಿರಣ ಮಾಡಿ ಹೊರಗಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಬೀಳುವ ನಿಯಮದಂತೆಯೇ ನಮ್ಮ ತಲೆಯ ಮೇಲೂ ಬಿತ್ತು. ಎಂಟು ಗಂಟೆಗಳಲ್ಲಿ ಅರ್ಧ ಲೀಟರಿಗೂ ಹೆಚ್ಚು! ಹಳೆಯ ಕಮಾನು ಗಾಡಿಯಲ್ಲಿ ಜಾತ್ರೆಗೆ ಹೋಗಿ ಅಲ್ಲಿಯೇ ಮಲಗುತ್ತಿದ್ದವರಿಗೆ ಈ ತೊಂದರೆ ಇರಲಿಲ್ಲ. ಗಾಡಿಯ ಹಿಂದುಮುಂದು ತೆರೆದಿರುತ್ತಿತ್ತು, ಬಿದಿರಿನ ಚಾಪೆ ಉಸಿರಾಡುತ್ತಿತ್ತು. ಎದುರುಬದುರು ಎರಡು ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದು, ಒಂದು ಕಂಬಳಿ ಹೆಚ್ಚಿಗೆ ಹೊದೆಯುವುದೇ ಇದಕ್ಕೆ ಪರಿಹಾರ.

ಜಗಳೂರಿನಲ್ಲಿ ಸಮಸ್ಯೆ ತಿರುವುಮುರುವಾಯಿತು. ಬೇಸಗೆಯಲ್ಲಿ ರಂಗಯ್ಯನದುರ್ಗದ ಕಡೆಗೆ ಹೋಗಿದ್ದೆವು. ಅಲ್ಲಿನ ಕಾಡನ್ನು ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಗಿದೆ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುತ್ತದೆ. ಮೂರು ಚದರ ಮೀಟರಿನ ಛಾವಣಿಯ ಮೇಲೆ, ಕಾದ ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ಇಟ್ಟಂತೆ! ಬಿಳಿಯ ಬಣ್ಣವು ಇದರ ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ; ಕಪ್ಪು ಬಣ್ಣ ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗುತ್ತದೆ. ಉಕ್ಕು ಥರ್ಮೋಕೋಲಿಗಿಂತ ಸಾವಿರ ಪಟ್ಟಿಗೂ ಉತ್ತಮವಾದ ಉಷ್ಣವಾಹಕವಾದ್ದರಿಂದ ಬರಿಯ ತಗಡಿನಿಂದ ರಕ್ಷಣೆಯೇ ಇಲ್ಲ. ಗಾಜಿನ ಒಳಗಡೆ ಪರದೆ ಕಟ್ಟಿದ್ದು ನಮ್ಮ ತಪ್ಪು: ಬೆಳಕು ಗಾಜನ್ನು ದಾಟಿ ಒಳಗೆ ಬಂದು ಪರದೆಯಲ್ಲಿ ಉಷ್ಣವಾದ ಮೇಲೆ ಅದು ಒಳಗೇ ಉಳಿಯುತ್ತದೆ. ಪರದೆ ಗಾಜಿನ ಹೊರಗಿರಬೇಕು. ಅಂದು ಒಳಗಿನ ಉಷ್ಣಮಾಪಕ ಹೊರಗಿನದಕ್ಕಿಂತ ಹತ್ತು ಡಿಗ್ರಿಗೂ ಮೇಲೆ ನಿಂತಿತ್ತು.

“ಇದಕ್ಕೇ ಸ್ವಾಮಿ, ನಾನು ಎ.ಸಿ. ಬೇಕೆಂದದ್ದು” ಎಂದರು ಜಗಳೂರಿನ ಮಿತ್ರರು.

ಅವರಿಗೆ ಕಾಗದದ ಮೇಲೆ ಉತ್ತರ ಕೊಟ್ಟೆವು. 12 ವೋಲ್ಟಿನ, 100 ಆಂಪೇರ್-ಗಂಟೆಯ ಬ್ಯಾಟರಿಯಲ್ಲಿ 1200 ವಾಟ್-ಗಂಟೆಗಳ ಶಕ್ತಿಯಿದೆ. ಸೀಸದ ಬ್ಯಾಟರಿ ಬೇಗ ಹಾಳಾಗಬಾರದೆಂದರೆ ಅರ್ಧವನ್ನಷ್ಟೇ ಬಳಸಬೇಕು, ಉಳಿದದ್ದು 600. ಇಪ್ಪತ್ತು ವಾಟಿನ ಫ್ಯಾನು ರಾತ್ರಿಯಿಡೀ ತಿರುಗಿದರೆ 160 ವ್ಯಯವಾಗುತ್ತದೆ, ದೀಪಗಳಿಗೆ 20. ಒಂದು ಟನ್ನಿನ ಹವಾನಿಯಂತ್ರಕವಾದರೋ 1000 ವಾಟಿನಷ್ಟು ಕೇಳುತ್ತದೆ: ಬ್ಯಾಟರಿ ಒಂದು ಗಂಟೆಯೂ ಬಾರದು. ಛಾವಣಿಗೆ 200 ವಾಟಿನ ಸೌರಫಲಕ ಹಾಕಿದರೂ ಇಡೀ ದಿನದ ಗಳಿಕೆ ಮುಕ್ಕಾಲು ಗಂಟೆಯ ತಂಪಿಗಷ್ಟೇ ಸಾಕು. ಹಾಗಾದರೆ ಒಂದು ಜನರೇಟರ್ ಇಟ್ಟುಕೊಳ್ಳೋಣವೆಂದರು.

ಇಲ್ಲಿ ನಾವು ಹಾಸ್ಯವನ್ನು ಬಿಡಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ, ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಮೃತರಾಗಿ ದೊರೆತರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತಿಳಿದುಬಂದಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟುತ್ತದೆ. ನಿದ್ರಿಸುವವನಿಗೆ ಉಸಿರುಗಟ್ಟಿದ ಅನುಭವವೇ ಆಗದು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆ ನಿಲ್ಲುತ್ತದೆ, ತಳದಲ್ಲಿ ರಂಧ್ರವಿದ್ದರೆ ಹೊರಗೆ ಹೋಗುತ್ತದೆ. ಅಲ್ಲದೆ ಅದಕ್ಕೆ ಬೆರೆಸಿದ ವಾಸನೆ ಎಚ್ಚರಿಸುತ್ತದೆ. ಕಾರ್ಬನ್ ಮಾನಾಕ್ಸೈಡಿನ ಸಾಂದ್ರತೆ ಹೆಚ್ಚುಕಡಿಮೆ ಗಾಳಿಯಷ್ಟೇ; ಅದು ಮೇಲೂ ಕೆಳಗೂ ಸಮನಾಗಿ ಬೆರೆತುಬಿಡುತ್ತದೆ. ಮುಚ್ಚಿದ ವ್ಯಾನಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದೂ ಇದೇ ಅಪಾಯ.

ಈಗ ನಮ್ಮ ಒಲೆ ಹಿಂಬಾಗಿಲನ್ನು ಮೇಲೆತ್ತಿ ಹೊರಗೆ ಉರಿಯುತ್ತದೆ. ಹಾಸಿಗೆಯ ಪಕ್ಕದಲ್ಲಿ ಅಂಗೈಯಗಲದ ಕಾರ್ಬನ್ ಮಾನಾಕ್ಸೈಡ್ ಸೂಚಕವಿದೆ. ಕಿಟಕಿಗಳಿಗೆ ಸೊಳ್ಳೆ ಬಲೆ, ಹೊರಪರದೆ, ಛಾವಣಿಯ ಕೆಳಗೆ ಒಂದಂಗುಲದ ಉಷ್ಣನಿರೋಧಕ. ಜಗಳೂರಿನ ಮಿತ್ರರು ಜನರೇಟರಿನ ಮಾತನ್ನು ಬಿಟ್ಟಿದ್ದಾರೆ. ಹನ್ನೊಂದು ಗಂಟೆಯಾಯಿತೆಂದರೆ ಅವರು ಹುಣಸೆಮರ ಎಲ್ಲಿದೆಯೆಂದು ಹುಡುಕತೊಡಗುತ್ತಾರೆ.