ಆರಾಧನೆಯಲ್ಲಿ ನಾಡಿನ ನಾದ

ದೇವರನ್ನು ಸ್ತುತಿಸಲು ಮಾನವನು ಪುರಾತನ ಕಾಲದಿಂದಲೂ ಸಂಗೀತವನ್ನು ಆಶ್ರಯಿಸಿದ್ದಾನೆ. ಕ್ಯಾಥೊಲಿಕ್ ಕ್ರೈಸ್ತರ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿಯೂ ಗಾಯನಕ್ಕೆ ಹಿರಿಯ ಸ್ಥಾನವುಂಟು. ರೋಮಿನ ಪದ್ಧತಿಯನ್ನು ಅನುಸರಿಸುವ ದೇವಾಲಯಗಳಲ್ಲಿ ಈ ಪೂಜೆಯು ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಅದರೊಡನೆ ಬೆಳೆದುಬಂದುದು ಗ್ರೆಗೋರಿಯನ್ ಗಾಯನ. ಇದು ಮೂಲತಃ ಪಕ್ಕವಾದ್ಯವಿಲ್ಲದ ಹಾಡುಗಾರಿಕೆ. ಇದಕ್ಕೆ ಕಟ್ಟುನಿಟ್ಟಾದ ತಾಳವೂ ಇಲ್ಲ. ಗಾಯಕರೆಲ್ಲರೂ ಒಂದೇ ರಾಗವನ್ನು, ಪ್ರಾರ್ಥನೆಯ ಮಾತುಗಳ ನಡೆಗೆ ಹೊಂದಿಸಿ ಹಾಡುವರು. 1903ರಲ್ಲಿ ಪೋಪ್ ಹತ್ತನೆಯ ಪಯಸ್ ಅವರು ಈ ಗಾಯನವೇ ಪವಿತ್ರ ಸಂಗೀತದ ಪರಮಾದರ್ಶವೆಂದು ಸಾರಿದರು. ಪಿಯಾನೊ, ಡೋಲು ಮುಂತಾದ ವಾದ್ಯಗಳನ್ನು ದೇವಾಲಯದಲ್ಲಿ ನುಡಿಸಬಾರದೆಂದೂ ವಿಧಿಸಿದರು.

ಆಫ್ರಿಕದ ಅನೇಕ ಜನಾಂಗಗಳಿಗಾದರೋ ಡೋಲು ಬರಿಯ ಮನೋರಂಜನೆಯ ಸಾಧನವಲ್ಲ. ಸಂತೋಷ, ಶೋಕ, ಸಮಾರಂಭ ಎಲ್ಲಕ್ಕೂ ಅದರ ಧ್ವನಿ ಬೇಕು. ಅದನ್ನು ಹೊರಗಿಟ್ಟು ದೇವಾಲಯವನ್ನು ಪ್ರವೇಶಿಸುವವನು ತನ್ನ ಬಾಳಿನ ಒಂದು ಭಾಗವನ್ನೇ ಹೊರಗೆ ಬಿಟ್ಟಂತಾಗುವುದಿಲ್ಲವೇ?

ಈ ಪ್ರಶ್ನೆಗೆ 1958ರಲ್ಲಿ ಹಾಡಿನ ಮೂಲಕವೇ ಒಂದು ಉತ್ತರ ದೊರೆಯಿತು. ಆಗ ಬೆಲ್ಜಿಯಮ್ಮಿನ ಆಳ್ವಿಕೆಯಲ್ಲಿದ್ದ ಕಾಂಗೊ ದೇಶದ ಕಾಮಿನ ಎಂಬ ಊರಿನಲ್ಲಿ, ಗೀಡೊ ಹಾಜೆನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿಯ ನೇತೃತ್ವದಲ್ಲಿ ‘ಮೀಸಾ ಲೂಬಾ’ ರೂಪುಗೊಂಡಿತು. ಅದರ ನುಡಿಗಳು ಲ್ಯಾಟಿನ್. ರಾಗ, ಲಯಗಳು ಆ ನಾಡಿನವು. ಕರುಣೆಗಾಗಿ ಮೊರೆಯಿಡುವ ಪ್ರಾರ್ಥನೆಗೆ ಲೂಬಾ ಜನರ ಶೋಕಗೀತೆಯ ಧಾಟಿ ಒದಗಿತು. ಗಾಯಕರು ಬರೆದ ಸ್ವರಲಿಪಿಯನ್ನು ಅವಲಂಬಿಸದೆ, ತಮ್ಮ ಸಂಪ್ರದಾಯದಂತೆ ಡೋಲುಗಳ ಜೊತೆಗೂಡಿ ಹಾಡನ್ನು ಬೆಳೆಸಿದರು.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಈ ಮಾರ್ಗವನ್ನು ವಿಶಾಲಗೊಳಿಸಿತು. 1963ರಲ್ಲಿ ಅದು ಹೊರಡಿಸಿದ ಶಾಸನವು ಆರಾಧನೆಯಲ್ಲಿ ಜನರ ಮಾತೃಭಾಷೆಗಳಿಗೆ ಅವಕಾಶವಿತ್ತಿತು; ಆಯಾ ಜನಾಂಗಗಳ ಸಂಗೀತಕ್ಕೆ ತಕ್ಕ ಮನ್ನಣೆ ಸಲ್ಲಬೇಕೆಂದೂ ಹೇಳಿತು. ಅದೇ ಶಾಸನವು ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನವನ್ನು ಉಳಿಸಿತೆಂಬುದನ್ನು ಮರೆಯಬಾರದು. ಹೊಸದನ್ನು ಸ್ವಾಗತಿಸಲು ಹಳೆಯದನ್ನು ತೊರೆಯಬೇಕಾಗಿರಲಿಲ್ಲ.

ಇದರ ಫಲ ಹಲವು ನಾಡುಗಳಲ್ಲಿ ಕಂಡುಬಂದಿತು. 1964ರಲ್ಲಿ ಅರ್ಜೆಂಟೀನದ ಆರಿಯೆಲ್ ರಾಮಿರೆಸ್ ಎಂಬ ಸಂಗೀತಗಾರನು ತನ್ನ ನಾಡಿನ ಜಾನಪದ ಲಯಗಳನ್ನು ಅಳವಡಿಸಿ, ಸ್ಪ್ಯಾನಿಷ್ ಭಾಷೆಯ ‘ಮೀಸಾ ಕ್ರಿಯೋಲ್ಯಾ’ವನ್ನು ರಚಿಸಿದನು. ಕರ್ನಾಟಕದಲ್ಲಿಯೂ ಬಲಿಪೂಜೆಯ ಗೀತೆಗಳು ಕನ್ನಡ, ಕೊಂಕಣಿ ಮೊದಲಾದ ಭಾಷೆಗಳಲ್ಲಿ ಕೇಳಿಬಂದವು. ಆಗ ಜಯೀರ್ ಎಂದು ಕರೆಯಲ್ಪಡುತ್ತಿದ್ದ ಕಾಂಗೊ ದೇಶಕ್ಕಾಗಿ 1988ರಲ್ಲಿ ರೋಮ್ ಪ್ರತ್ಯೇಕ ಪೂಜಾಕ್ರಮವನ್ನೇ ಅಂಗೀಕರಿಸಿತು. ಅಲ್ಲಿ ಡೋಲಿನ ನಾದಕ್ಕೆ ಭಕ್ತರ ಹೆಜ್ಜೆಗಳೂ ಜೊತೆಗೂಡುತ್ತವೆ.

ನಾಡಿಗೊಂದು ಸಂಗೀತವಾದರೆ ಧರ್ಮದ ಏಕತೆ ಸಡಿಲವಾದೀತೆಂದು ಶಂಕಿಸುವವರುಂಟು. ಆ ಶಂಕೆಯನ್ನು ಹಗುರವಾಗಿ ಕಾಣಲಾಗದು. ಗಾಯನವು ಪ್ರಾರ್ಥನೆಯನ್ನು ಮರೆಸಿ ಬರಿಯ ಪ್ರದರ್ಶನವಾದರೆ ಅದು ಸಾರ್ಥಕವಾಗದು. ಆದರೆ ಏಕತೆಯೆಂದರೆ ಏಕರೂಪತೆಯಲ್ಲ. ಮೌನವಾಗಿ ಹೊಳೆಯುವ ದೀಪದಂತಹ ಗ್ರೆಗೋರಿಯನ್ ಗಾಯನವೂ ಎದೆಯ ಬಡಿತದಂತಹ ಡೋಲಿನ ದನಿಯೂ ಒಂದೇ ಪ್ರಾರ್ಥನೆಯನ್ನು ಹೊರಬಲ್ಲವು. ತನ್ನ ನಾಡಿನ ದನಿಯಲ್ಲಿ ಹಾಡುವ ಭಕ್ತನು ಪೂಜೆಯ ಪ್ರೇಕ್ಷಕನಾಗಿ ಉಳಿಯದೆ ಅದರಲ್ಲಿ ಪಾಲುಗಾರನಾಗುತ್ತಾನೆ.