ತೇರು ಎಳೆಯಲು ಎಷ್ಟು ಕೈ ಬೇಕು?



ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಗಡಿಭಾಗದ ಒಂದು ಧರ್ಮಕೇಂದ್ರದಲ್ಲಿ ಪಾಲಕ ಸಂತರ ಹಬ್ಬವನ್ನು ಹೊಸ ರೀತಿಯಲ್ಲಿ ಆಚರಿಸಬೇಕೆಂದು ತೀರ್ಮಾನಿಸಿದೆವು. ಅಡುಗೆಯನ್ನು ಗುತ್ತಿಗೆಗೆ ಕೊಟ್ಟೆವು. ಶಾಮಿಯಾನ, ದೀಪಾಲಂಕಾರ, ಮೈಕು ಎಲ್ಲವೂ ಪಟ್ಟಣದಿಂದ ಬಂದವು. ದಾನಿಗಳ ಹೆಸರುಗಳನ್ನು ಮೊತ್ತದ ಕ್ರಮದಲ್ಲಿ ದೊಡ್ಡ ಫಲಕದ ಮೇಲೆ ಬರೆಸಿದೆವು. ಎಲ್ಲವೂ ವೇಳೆಗೆ ಸರಿಯಾಗಿ ಮುಗಿಯಿತು. ಹಬ್ಬ ಚೆನ್ನಾಗಿ ನಡೆಯಿತೆಂದು ನಾವೂ ಪಾಲನಾ ಸಮಿತಿಯವರೂ ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡೆವು.

ಮುಂದಿನ ವಾರ ಮನೆ ಭೇಟಿಗೆ ಹೋದಾಗ ಹಿರಿಯ ತಾಯಿಯೊಬ್ಬರು ಮಜ್ಜಿಗೆ ಕೊಡುತ್ತಾ ಹೇಳಿದರು: "ಸ್ವಾಮಿ, ಹದಿನೈದು ವರ್ಷ ಹಬ್ಬದ ಪಾತ್ರೆ ತೊಳೆದಿದ್ದೀನಿ. ಈ ಸಲ ನೆಂಟರ ಮನೆಗೆ ಬಂದಂಗೆ ಬಂದು, ಉಂಡು, ಹೋದೆ." ಅವರು ದೂರು ಹೇಳಲಿಲ್ಲ. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ. ಹೊಸತನದ ಹೆಸರಿನಲ್ಲಿ ನಾವು ಆ ತಾಯಿಯ ಹಬ್ಬವನ್ನೇ ಅವರಿಂದ ಕಿತ್ತುಕೊಂಡಿದ್ದೆವು.

ಹಾಗಾದರೆ ಹೊಸತನ ಬೇಡವೇ? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಸುತ್ತಲಿನ ಜಾತ್ರೆಗಳ ಕಡೆ ನೋಡಿದೆವು.

ಬರದ ನಾಡಿನ ಪಾಠ

ವೇದಾವತಿ ನದಿಯನ್ನು ಈ ಕಡೆಯ ಜನ ಹಗರಿ ಎನ್ನುತ್ತಾರೆ. ಕರ್ನಾಟಕದ ಬೆಟ್ಟಗಳಿಂದ ಇಳಿದು, ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದಲ್ಲಿ ನಿಂತು, ಚಳ್ಳಕೆರೆ ಸೀಮೆಯನ್ನು ದಾಟಿ, ರಾಯದುರ್ಗದ ಕಡೆಯ ಭೈರವಾನಿತಿಪ್ಪ ಜಲಾಶಯಕ್ಕೆ ಅದು ಬರುತ್ತದೆ. ಬರುತ್ತದೆ ಎನ್ನುವುದಕ್ಕಿಂತ ಬಂದರೆ ಬರುತ್ತದೆ ಎನ್ನಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅನಂತಪುರವಂತೂ ದೇಶದಲ್ಲಿ ತೀರಾ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು.

ಇಂಥ ನಾಡಿನಲ್ಲಿ ಜನ ಒಬ್ಬ ಸಂತನನ್ನು ಯಾವುದಕ್ಕಾಗಿ ನೆನೆಯುತ್ತಾರೆ? ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಕೆರೆ ಕಟ್ಟಿಸಿದವರೆಂದು ನೆನೆಯುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮಾತು. ಕೆರೆಯ ಕೆಲಸಕ್ಕೆ ಬಂದವರಿಗೆ ದಿನದ ಕೊನೆಯಲ್ಲಿ ದುಡಿದಷ್ಟು ಕೂಲಿ ತಪ್ಪದೆ ಸಿಗುತ್ತಿತ್ತೆಂದು ಐತಿಹ್ಯ ಹೇಳುತ್ತದೆ. ಅವರ ಹೊಸತನ ಇಲ್ಲಿದೆ: ಭಕ್ತಿಯನ್ನು ಗುದ್ದಲಿ, ಬುಟ್ಟಿಗಳ ಕೆಲಸಕ್ಕೆ ಜೋಡಿಸಿದರು, ನೂರಾರು ಕೈಗಳಿಗೆ ಜಾಗ ಮಾಡಿಕೊಟ್ಟರು.

ಪ್ರತಿವರ್ಷ ಮಾರ್ಚ್ ತಿಂಗಳ ಆಸುಪಾಸಿನಲ್ಲಿ ನಡೆಯುವ ಅವರ ಜಾತ್ರೆಯಲ್ಲಿ 'ಮುಕ್ತಿ ಬಾವುಟ' ಹಲವು ಲಕ್ಷ ರೂಪಾಯಿಗಳಿಗೆ ಹರಾಜಾಗುತ್ತದೆ. ಹಣವಿರುವವರಿಗೂ ಅಲ್ಲಿ ಸ್ಥಾನವಿದೆ. ಆದರೆ ಹರಾಜು ಕೂಗಿದ ಮಾತ್ರಕ್ಕೆ ತೇರು ಚಲಿಸುವುದಿಲ್ಲ. ಮಿಣಿ ಹಿಡಿದು ಎಳೆಯುವವರು ಬೇಕು. ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತಾ, ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುವವರು ಬೇಕು. ತೇರಿನ ದಾರಿ ನಿರ್ಧಾರವಾಗುವುದು ಮೇಲೆ ಕುಳಿತವರಿಂದಲ್ಲ, ಕೆಳಗೆ ಗಾಲಿಯ ಧೂಳಿನಲ್ಲಿರುವವರಿಂದ. ನಾಯಕರಾದ ನಾವೆಲ್ಲ ಇದನ್ನು ನೆನಪಿಡಬೇಕು.

ತೇರು ಬಿದ್ದಾಗ

ಇದೇ ಸೀಮೆಯ ಇನ್ನೊಂದು ದೊಡ್ಡ ಜಾತ್ರೆ ಇಂದಿನ ವಿಜಯನಗರ ಜಿಲ್ಲೆಯ ಕೊಟ್ಟೂರಿನದು. ಗುರು ಬಸವೇಶ್ವರರ ಈ ಜಾತ್ರೆಗೆ ದೂರದೂರದ ಊರುಗಳಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಗುರುತು ಪರಿಚಯವಿಲ್ಲದವರು ಅವರಿಗೆ ಊಟ, ನೀರು ಕೊಡುತ್ತಾರೆ. ತೇರು ಹೊರಡುವ ಮೊದಲು ದಲಿತ ಮಹಿಳೆಯರು ಕಳಸದಾರತಿ ಬೆಳಗುವುದು ಅಲ್ಲಿನ ಸಂಪ್ರದಾಯ. ಸಮಾಜ ಹಿಂದೆ ನಿಲ್ಲಿಸಿದವರು ಅಲ್ಲಿ ಮುಂದೆ ನಿಲ್ಲುತ್ತಾರೆ.

2017ರ ಫೆಬ್ರವರಿಯಲ್ಲಿ ಆ ತೇರು ಸಾಗುತ್ತಿರುವಾಗಲೇ ಉರುಳಿಬಿತ್ತು. ಹಲವರು ಗಾಯಗೊಂಡರು. ಅಪಶಕುನವೆಂದು ಅಂಜಿ ಜನ ಜಾತ್ರೆಯನ್ನು ಕೈಬಿಡಲಿಲ್ಲ. ಹೊಸ ತೇರು ಸಿದ್ಧವಾಯಿತು, ರಥೋತ್ಸವ ಮುಂದುವರಿಯಿತು. ಹಳೆಯದೆಂಬ ಮಾತ್ರಕ್ಕೆ ಹಳೆಯ ಮರವನ್ನೇ ನೆಚ್ಚಿಕೊಂಡು ಕೂರಲಾಗದು. ಅಚ್ಚು, ಗಾಲಿ ಬದಲಾಗಬಹುದು. ಕೂಡಿ ಎಳೆಯುವುದು ಬದಲಾಗಬಾರದು.

ಅನಂತಪುರ ಜಿಲ್ಲೆಯ ಗೂಗೂಡಿನಲ್ಲಿ ಕುಳ್ಳಾಯಿಸ್ವಾಮಿಯ ಮೊಹರಂ ನಡೆಯುತ್ತದೆ. ಅಲ್ಲಿ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೇ ಬಹಳ ಮಂದಿ. ಇದು ಯಾರ ಹಬ್ಬವೆಂದು ಕೇಳಿದರೆ ಊರಿನ ಹಬ್ಬ ಎಂಬ ಉತ್ತರವೇ ಸರಿಹೋಗುತ್ತದೆ.

ನಮ್ಮ ಅಂಗಳಕ್ಕೆ ಬಂದರೆ

ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯನ್ನು ನಾವು ಸಾಮಾನ್ಯವಾಗಿ ಕೂಲಿಯ ಲೆಕ್ಕದಲ್ಲಿ ಓದುತ್ತೇವೆ. ಆದರೆ ಸಂಜೆಯವರೆಗೂ ಪೇಟೆಯಲ್ಲಿ ನಿಂತೇ ಇದ್ದವರ ನೋವು ಕೂಲಿಯದಷ್ಟೇ ಅಲ್ಲ, ಯಾರೂ ತಮ್ಮನ್ನು ಕರೆಯಲಿಲ್ಲ ಎಂಬುದು. ನಮ್ಮ ಧರ್ಮಕೇಂದ್ರಗಳಲ್ಲೂ ಹಾಗೆ ನಿಂತವರಿದ್ದಾರೆ. ಕೈಯಲ್ಲಿ ಕಸುವಿದೆ, ಕರೆಯುವವರಿಲ್ಲ.

ಮರುವರ್ಷ ನಮ್ಮ ಹಬ್ಬದಲ್ಲಿ ಮೊತ್ತಗಳ ಫಲಕ ಹಾಕಲಿಲ್ಲ. ಯುವಜನರು ಜಮಾಖರ್ಚು ಬರೆದು ದೇವಾಲಯದ ಬಾಗಿಲಲ್ಲಿ ಅಂಟಿಸಿದರು. ಅಡುಗೆಯನ್ನು ಕಿರು ಸಮುದಾಯಗಳು ಹಂಚಿಕೊಂಡವು. ಬಿಸಾಡುವ ತಟ್ಟೆಗಳನ್ನು ಬಿಟ್ಟು ಸ್ಟೀಲ್ ತಟ್ಟೆ ತಂದೆವು. ಹೊಸತನವೇನೋ ಹೌದು, ಆದರೆ ಈ ಹೊಸತನಕ್ಕೆ ತೊಳೆಯುವ ಕೈಗಳು ಹೆಚ್ಚು ಬೇಕಾಗಿದ್ದವು. ಆ ಹಿರಿಯ ತಾಯಿಯೇ ಅದರ ಮುಂದಾಳು. ಊಟ ಒಂದು ಗಂಟೆ ತಡವಾಯಿತು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ನಾವೂ ತಟ್ಟೆ ತೊಳೆಯಲು ಕುಳಿತೆವು. "ಹಿಂದ್ಗಡೆನೂ ಉಜ್ಜಿ ಸ್ವಾಮಿ" ಎಂದು ಆ ತಾಯಿ ನಮ್ಮ ತಟ್ಟೆಯನ್ನು ವಾಪಸು ಕೊಟ್ಟರು.

ಈ ವರ್ಷ ನಿಮ್ಮ ಹಬ್ಬದ ಸಭೆಯಲ್ಲಿ ಖರ್ಚಿನ ಪಟ್ಟಿಗೆ ಮುಂಚೆ ಇನ್ನೊಂದು ಪಟ್ಟಿ ಬರೆಯಿರಿ: ಕಳೆದ ವರ್ಷ ಯಾರಿಗೆ ಕೆಲಸ ಸಿಗಲಿಲ್ಲ? ಆ ಮನೆಗಳಿಗೆ ಚಂದಾ ಪುಸ್ತಕ ಹಿಡಿದು ಹೋಗಬೇಡಿ. ಬರಿಗೈಯಲ್ಲಿ ಹೋಗಿ, ಒಂದು ಕೆಲಸ ಒಪ್ಪಿಸಿ ಬನ್ನಿ.