ಕೈಪಿಡಿಯಲ್ಲಿ ಇಲ್ಲದ್ದು ಚಹಾ ಹೊತ್ತಿನಲ್ಲಿ

ಐಟಿ ಕಂಪನಿಗಳಲ್ಲಿ ಕೆಲಸ ಬಿಟ್ಟು ಹೋಗುವವರು ಕೊನೆಯ ವಾರಗಳಲ್ಲಿ ಮಾಡಬೇಕಾದ ಕೆಲಸಕ್ಕೆ ‘ಕೆಟಿ’ ಎಂದು ಹೆಸರು. ನಾಲೆಡ್ಜ್ ಟ್ರಾನ್ಸ್‌ಫರ್ ಎಂಬುದರ ಗಿಡ್ಡ ರೂಪ. ಫೈಲು, ಪಟ್ಟಿ, ಪಾಸ್‌ವರ್ಡ್ ಎಲ್ಲವನ್ನೂ ಒಪ್ಪಿಸುತ್ತಾರೆ. ಅವರು ಹೋದ ನಾಲ್ಕೇ ದಿನಕ್ಕೆ ಏನೋ ಕೈಕೊಡುತ್ತದೆ. ಒಪ್ಪಿಸಿದ ಯಾವ ಫೈಲಿನಲ್ಲೂ ಅದಕ್ಕೆ ಉತ್ತರ ಇರುವುದಿಲ್ಲ. ಮತ್ತೆ ಅವರಿಗೇ ಫೋನು.

ಹಾಗಾದರೆ ಕಚೇರಿಯ ತಿಳಿವಳಿಕೆ ಇರುವುದೆಲ್ಲಿ? ಇದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು ಅಮೆರಿಕದ ಜೆರಾಕ್ಸ್ ಕಂಪನಿಯಲ್ಲಿ. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿನ ರಿಪೇರಿ ತಂತ್ರಜ್ಞರ ಜೊತೆ ಓಡಾಡಿ, ಅವರ ಕೆಲಸವನ್ನು ಹತ್ತಿರದಿಂದ ಕಂಡರು. ಯಾವ ದೋಷಕ್ಕೆ ಏನು ಮಾಡಬೇಕೆಂದು ಕಂಪನಿ ಕೈಪಿಡಿ ಕೊಟ್ಟಿತ್ತು. ಆದರೆ ತಲೆಕೆಡಿಸುವ ದೋಷಗಳು ಕೈಪಿಡಿ ಓದಿಕೊಂಡು ಬರುವುದಿಲ್ಲವಲ್ಲ! ತಿಂಡಿ, ಊಟದ ಹೊತ್ತಿನಲ್ಲಿ ತಂತ್ರಜ್ಞರು ಪರಸ್ಪರ ಹೇಳಿಕೊಳ್ಳುತ್ತಿದ್ದ ರಿಪೇರಿ ಕಥೆಗಳೇ ಅವರ ಕೈಹಿಡಿಯುತ್ತಿದ್ದವು. ಹೊರಗಿನವರಿಗೆ ಹರಟೆಯಂತೆ ಕಂಡದ್ದು ಅವರಿಗೆ ಪಾಠವಾಗಿತ್ತು. ಈ ಅಧ್ಯಯನ 1996ರಲ್ಲಿ ಪುಸ್ತಕವಾಗಿ ಬಂತು.

ಜೆರಾಕ್ಸ್ ಮುಂದೆ ‘ಯುರೇಕಾ’ ಎಂಬ ವ್ಯವಸ್ಥೆಯನ್ನು ತಂದಿತು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯ ಬರೆದು ಕಳಿಸುವುದು, ಅನುಭವಿಗಳು ಅದನ್ನು ಪರಿಶೀಲಿಸುವುದು, ಬಳಿಕ ಬರೆದವರ ಹೆಸರಿನೊಂದಿಗೇ ಅದು ಎಲ್ಲರಿಗೂ ಸಿಗುವುದು. ಆ ಹೆಸರು ಅವರಿಗೆ ದೊಡ್ಡ ಮರ್ಯಾದೆಯಾಯಿತು.

ಹೊರನಾಡಿನಲ್ಲಿ ದುಡಿಯುವ ನಮಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಕೆಲಸದ ಗುಟ್ಟು ಹರಟೆಯಲ್ಲಿ ಸಾಗುವುದಾದರೆ, ಹರಟೆಯ ಭಾಷೆ ಯಾವುದು ಎಂಬುದೂ ಮುಖ್ಯವಾಗುತ್ತದೆ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೂ ಪುಣೆಯಲ್ಲಿ ಚಹಾ ಮರಾಠಿಯಲ್ಲಿ, ಚೆನ್ನೈನಲ್ಲಿ ಕಾಫಿ ತಮಿಳಿನಲ್ಲಿ. ‘ಆ ಗ್ರಾಹಕರಿಗೆ ಮೇಲ್ ಕಳಿಸಿ ಕೂರಬೇಡ, ಫೋನ್ ಮಾಡು’, ‘ತಿಂಗಳ ಕೊನೆಗೆ ಆ ರಿಪೋರ್ಟನ್ನು ನಂಬಬೇಡ’ ಎಂಬಂಥ ಮಾತು ಹೊರಬರುವುದು ಅಲ್ಲಿ. ಭಾಷೆ ಬಾರದವರು ನಗುನಗುತ್ತಾ ನಿಂತು, ಲೋಟ ಖಾಲಿಯಾದ ಮೇಲೆ ಹಾಗೇ ವಾಪಸಾಗುತ್ತಾರೆ. ಬಡ್ತಿಯ ಹೊತ್ತಿಗೆ ‘ಇವರಿಗೆ ಇಲ್ಲಿನ ಅನುಭವ ಸಾಲದು’ ಎಂಬ ಮಾತು ಬರುತ್ತದೆ. ಆದ್ದರಿಂದ ಸ್ಥಳೀಯ ಭಾಷೆಯನ್ನು ಚಹಾದ ಮಟ್ಟಿಗಾದರೂ ಕಲಿತರೆ ಅದು ಕೆಲಸದ ಕಲಿಕೆಯೂ ಹೌದು.

ಇದೇ ಮಾತು ನಮಗೂ ಅನ್ವಯಿಸುತ್ತದೆ. ನಾಲ್ವರು ಕನ್ನಡಿಗರು ಸೇರಿದರೆ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಊರ ಸುದ್ದಿಗೆ ಅದೇ ಚೆಂದ. ಕೆಲಸದ ವಿಷಯ ಬಂದಾಗ ಪಕ್ಕದಲ್ಲಿ ನಿಂತ ಬಿಹಾರದ ಹುಡುಗಿಗೂ ತಿಳಿಯುವ ಭಾಷೆಗೆ ಬರುವುದು ನ್ಯಾಯ. ಚಹಾ ಮುಗಿದ ಮೇಲೆ, ಹೇಳಿದವರ ಹೆಸರು ಸೇರಿಸಿ ಎರಡು ಸಾಲು ಬರೆದು ತಂಡಕ್ಕೆ ಕಳಿಸಿದರೆ ಅಲ್ಲಿಲ್ಲದವರಿಗೂ ಮುಟ್ಟುತ್ತದೆ.

ಗುಟ್ಟು ತನ್ನಲ್ಲೇ ಇದ್ದರೆ ನೌಕರಿ ಭದ್ರ ಎಂದು ನಂಬಿದವರೂ ಇದ್ದಾರೆ. ಅವರು ರಜೆ ಹಾಕಿ ಊರ ಜಾತ್ರೆಗೆ ಬಂದರೂ ತೇರಿನ ಮುಂದೆ ನಿಂತು ಫೋನಿನಲ್ಲಿ ಆಫೀಸಿಗೆ ಉತ್ತರ ಹೇಳುತ್ತಿರುತ್ತಾರೆ.